ಸುಂಕಲಮ್ಮ ತಂದ ರಸ್ತೆ

ಸುಂಕಲಮ್ಮ ಹುಟ್ಟಿ ಬೆಳೆದದ್ದು ಜಗಳೂರು ಸೀಮೆಯಲ್ಲಿ. ಅವಳ ತವರಿನಲ್ಲಿ ಮರವೆಂದರೆ ಜಾಲಿ, ಬೇವು, ಹುಣಸೆ; ನೀರೆಂದರೆ ಟ್ಯಾಂಕರು. ಅಂಥವಳನ್ನು ಚನ್ನಗಿರಿ ತಾಲ್ಲೂಕಿನ ಮತ್ತಿಕಟ್ಟೆಯ ಬೋರಣ್ಣನಿಗೆ ಕೊಟ್ಟು ಮದುವೆ ಮಾಡಿದರು. ಗಂಡನ ಊರಿಗೆ ಕಾಲಿಡುವ ಮೊದಲೇ ಅವಳ ಕಣ್ಣಿಗೆ ಬಿದ್ದದ್ದು ಜವಳುತೋಪು. ಊರಿಗೂ ಬಸವಾಪಟ್ಟಣದ ಟಾರು ರಸ್ತೆಗೂ ನಡುವೆ ಹಬ್ಬಿದ ಹೊಳೆಮತ್ತಿ, ನೇರಳೆ, ಹೊಂಗೆ ಮರಗಳ ಕಾಡು ಅದು. ಅಂಚಿನಲ್ಲಿ ಕೇದಿಗೆಯ ಮೆಳೆಗಳು. ಮೇಲಿನ ಗದ್ದೆ ತೋಟಗಳಿಂದ ಬಸಿದ ನೀರು ಆ ಕಾಡಿನ ತುಂಬ ಅಗಲವಾಗಿ ಹರಡಿಕೊಂಡು, ಅವಸರವಿಲ್ಲದೆ ಇಳಿದು, ಕೆಳಗಿನ ಹಳ್ಳ ಸೇರುತ್ತಿತ್ತು. ಮಳೆಗಾಲದಲ್ಲಿ ಮರಗಳ ಬುಡಕ್ಕೆ ಪಾದ ಮುಳುಗುವಷ್ಟು ನೀರು. ಬೇಸಿಗೆಯಲ್ಲಿ ನೀರು ಕೆಳಗಿಳಿದು ಮೆತ್ತನೆಯ ಕಪ್ಪು ಮಣ್ಣು.

ಮದುಮಗಳು ಸೀರೆ ಎತ್ತಿಕೊಂಡು ಆ ನೀರಿನಲ್ಲಿ ಪಚಪಚ ನಡೆಯುತ್ತಾ ಹೊಸ ಗಂಡನನ್ನು ಕೇಳಿದ ಮೊದಲ ಮಾತು ಊರಲ್ಲೆಲ್ಲ ಹಬ್ಬಿತು. "ಏನ್ರಿ, ನಿಮ್ಮೂರಲ್ಲಿ ಮರಗಳೂ ಕಾಲು ತೊಳ್ಕಂಡೇ ಒಳಗೆ ಬರಬೇಕೇನ್ರಿ?"

ಬೋರಣ್ಣನಿಗೆ ಒಂದು ಮೂರು ಗಾಲಿಯ ಲಗೇಜ್ ಆಟೋ ಇತ್ತು. ಬಾಳೆಗೊನೆ, ಹಾಲಿನ ಕ್ಯಾನು, ಗೊಬ್ಬರದ ಚೀಲ, ಮದುವೆ ಮನೆಯ ಪಾತ್ರೆ, ಯಾರು ಏನು ಹೇರಿದರೂ ಸಾಗಿಸುತ್ತಿದ್ದ. ಒಂದು ವರ್ಷ ದನದ ಕೊಟ್ಟಿಗೆಗೆ ಹೆಂಚು ಹೊದಿಸುವಾಗ ಜಾರಿಬಿದ್ದು ಕಾಲು ಮುರಿದುಕೊಂಡ. ಆಟೋ ಅಂಗಳದಲ್ಲಿ ಧೂಳು ತಿನ್ನುತ್ತಾ ನಿಲ್ಲುವುದನ್ನು ನೋಡಲಾರದೆ ಸುಂಕಲಮ್ಮ ತಾನೇ ಕೀಲಿ ತಿರುಗಿಸಿದಳು. ಮೊದಲ ದಿನ ಬೇಲಿಗೆ ಗುದ್ದಿದಳು, ಮರುದಿನ ತಿಪ್ಪೆಗೆ ನುಗ್ಗಿಸಿದಳು. ಆಮೇಲೆ ಕೈ ಕೂತಿತು. ಬೋರಣ್ಣನ ಕಾಲು ನೆಟ್ಟಗಾದ ಮೇಲೂ ಹ್ಯಾಂಡಲ್ ಅವಳ ಕೈಯಲ್ಲೇ ಉಳಿಯಿತು. ಅವನು ಪಕ್ಕದಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಾ ಲೋಡು ಇಳಿಸುವ ಕೆಲಸಕ್ಕೆ ಒಪ್ಪಿಕೊಂಡ. ಇದು ತನಗೆ ಬಡ್ತಿ ಸಿಕ್ಕ ಹಾಗೆ ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ.

ತೊಂದರೆ ಇದ್ದದ್ದು ದಾರಿಯದು. ತೋಪಿನ ಮೂಲಕ ನಡೆದರೆ ಟಾರು ರಸ್ತೆ ಕೂಗಳತೆ ದೂರ. ಗಾಡಿಗಾದರೆ ಕೆರೆಬಿಳಚಿ ಕಡೆಗೆ ಸುತ್ತು ಹಾಕಿಯೇ ಬರಬೇಕು. ಸುಂಕಲಮ್ಮನಿಗೆ ಸುತ್ತುವುದೆಂದರೆ ಆಗದು.

ಹೀಗಿರುವಾಗ ಮಹೇಶ್ವರಪ್ಪನವರ ತಮ್ಮನ ಮಗನ ಮದುವೆ ಬಸವಾಪಟ್ಟಣದಲ್ಲಿ ಗೊತ್ತಾಯಿತು. ಮಹೇಶ್ವರಪ್ಪ ಎಂದರೆ ತೋಪಿನ ಮೇಲ್ಭಾಗದಲ್ಲಿ ಅಡಿಕೆ ತೋಟ, ಗದ್ದೆ ಎರಡೂ ಇದ್ದ ದೊಡ್ಡ ಕುಳ. ಹೋಳಿಗೆ ಮಾತ್ರ ಮನೆಯದೇ ಆಗಬೇಕೆಂದು ಅವರ ಹಟ. ಊರ ಹೆಂಗಸರು ಬೆಳಗಾಗುವಷ್ಟರಲ್ಲಿ ಬುಟ್ಟಿ ಬುಟ್ಟಿ ಹೋಳಿಗೆ ತಟ್ಟಿ ಬೇಯಿಸಿ ಸುಂಕಲಮ್ಮನ ಆಟೋಕ್ಕೆ ಹೇರಿದರು. ಹೊತ್ತಾಗಿತ್ತು. ಬೇಸಿಗೆ ಬೇರೆ, ತೋಪು ಒಣಗಿದ ಹಾಗೆ ಕಾಣುತ್ತಿತ್ತು. ಅವಳು ಆಟೋವನ್ನು ಸೀದಾ ತೋಪಿಗೆ ಇಳಿಸಿದಳು.

ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ಆಮೇಲೆ ಮುಂದಿನ ಗಾಲಿ ಒಂದು ಸಲ ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯಿತು. ಹಿಂದಿನವು ಅದನ್ನು ಹಿಂಬಾಲಿಸಿದವು. ಮೇಲೆ ಗಟ್ಟಿ ಕೆನೆ, ಕೆಳಗೆ ಕೆಸರು. ತಳ್ಳಿದರೆ ಇನ್ನಷ್ಟು ಹೂತಿತು. ಮಂಟಪದಲ್ಲಿ ಎಲೆ ಹಾಕಿ ಕಾದ ಬೀಗರು ಕೊನೆಗೆ ತಾವೇ ನಡೆದು ಬಂದರು. ಅವರಲ್ಲೊಬ್ಬ ಹಿರಿಯರು ಬುಟ್ಟಿಯ ಬಟ್ಟೆ ಸರಿಸಿ ಒಂದು ಹೋಳಿಗೆ ಬಾಯಿಗಿಟ್ಟರು, ಇನ್ನೊಬ್ಬರು ತುಪ್ಪ ತರಿಸಿದರು. ಹೆಣ್ಣಿನ ಕಡೆಯ ಅರ್ಧ ಜನ ಹೊಳೆಮತ್ತಿಯ ನೆರಳಲ್ಲಿ ನಿಂತೇ ಹೋಳಿಗೆ ಊಟ ಮುಗಿಸಿದರು. ಆ ಮದುವೆಯ ಊಟವನ್ನು ಬೀಗರು ಈಗಲೂ ಹೊಗಳುತ್ತಾರೆ. ಮಹೇಶ್ವರಪ್ಪ ಮಾತ್ರ ಮುಖ ಊದಿಸಿಕೊಂಡು, ಈ ಊರಿಗೆ ಒಂದು ರಸ್ತೆ ಆಗದಿದ್ದರೆ ಇನ್ನು ಯಾರ ಮದುವೆಯೂ ಬೇಡ ಎಂದುಬಿಟ್ಟರು.

ಸುಂಕಲಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅಂದಿನಿಂದ ಅವಳಿಗೆ ರಸ್ತೆಯದೇ ಧ್ಯಾನ. ಪಂಚಾಯ್ತಿಗೆ ಹೋದಳು, ಚನ್ನಗಿರಿಯ ಕಚೇರಿಗಳಿಗೆ ಹೋದಳು, ಸಭೆ ಸಮಾರಂಭಕ್ಕೆ ಯಾರು ದೊಡ್ಡವರು ಬಂದರೂ ಆಟೋ ಅಡ್ಡ ನಿಲ್ಲಿಸಿ ಮನವಿ ಕೊಟ್ಟಳು. ಅವಳ ಕಾಟಕ್ಕೋ, ಊರಿನ ಅದೃಷ್ಟಕ್ಕೋ, ಕಡೆಗೂ ರಸ್ತೆ ಮಂಜೂರಾಯಿತು.

ಅಳತೆಗೆ ಬಂದ ಎಂಜಿನಿಯರು ವಿನಯ್ ಕುಮಾರ್ ಮರ್ಯಾದಸ್ಥ ಹುಡುಗ. ಕಡು ಬೇಸಿಗೆಯಲ್ಲಿ ತೋಪಿನ ಉದ್ದಕ್ಕೂ ನಡೆದು ನೋಡಿ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ವಿಚಾರಿಸಿದ. ನೀರಿನ ಮಾತು ಎತ್ತಿದರೆ ಎಲ್ಲಿ ಕೆಲಸ ನಿಂತೀತೋ ಎಂಬ ಭಯ ಸುಂಕಲಮ್ಮನಿಗೆ. ನಡುವೆ ಕಾಣುತ್ತಿದ್ದ ಒಂದು ಸಣ್ಣ ತೋಡನ್ನು ತೋರಿಸಿ, ಎಲ್ಲಾ ನೀರೂ ಇದರಲ್ಲೇ ಹೋಗುತ್ತದೆ ಎಂದಳು. ಅವನ ಕಣ್ಣಿಗೂ ಬೇರೆ ತೋಡು ಕಾಣಲಿಲ್ಲ. ರಸ್ತೆಯಡಿ ನೀರು ದಾಟಲು ಅಲ್ಲೊಂದು ಮೋರಿ ಬರೆದುಕೊಂಡು ಹೋದ. ಕೆಂಪು ಮಣ್ಣು ಸುರಿದು ಸೊಂಟದೆತ್ತರ ಏರಿ ಕಟ್ಟಿದರು, ಮೇಲೆ ಟಾರು ಬಿತ್ತು. ತೋಪು ಎರಡು ಭಾಗವಾಯಿತು. ಗದ್ದೆಗಳ ಕಡೆಯದು ಮೇಲ್ತೋಪು, ಹಳ್ಳದ ಕಡೆಯದು ಕೆಳತೋಪು.

ರಸ್ತೆ ಮೇಲೆ ಮೊದಲು ಓಡಿದ್ದು ಸುಂಕಲಮ್ಮನ ಆಟೋ. ಹಾರ ಹಾಕಿದ ಆ ಗಾಡಿಯ ಹಿಂದೆ ಊರಿನ ಅರ್ಧ ಹೆಂಗಸರು ಕೂತಿದ್ದರು. ಬೋರಣ್ಣ ದಾರಿಯುದ್ದಕ್ಕೂ ಹಾರ್ನು ಒತ್ತಿದ.

ರಸ್ತೆಯಿಂದ ಊರಿಗೆ ಒಳ್ಳೆಯದೇ ಆಯಿತು. ಹಾಲಿನ ವ್ಯಾನು ಮನೆ ಬಾಗಿಲಿಗೆ ಬಂತು, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸು ಸಿಕ್ಕಿತು. ಎರಡು ಮಳೆಗಾಲ ಯಾರೂ ಮರಗಳ ಕಡೆ ನೋಡಲಿಲ್ಲ. ಮೂರನೆಯದರಲ್ಲಿ ಸುಂಕಲಮ್ಮನ ಅತ್ತೆ ಅಂಜಿನಮ್ಮ ಗೊಣಗತೊಡಗಿದಳು. ಚಾಪೆ ಹೆಣೆಯಲು ಅವಳು ಕೆಳತೋಪಿನ ಕೇದಿಗೆ ಗರಿ ಕೊಯ್ಯುತ್ತಿದ್ದಳು. ಗರಿ ಗಿಡದಲ್ಲಿರುವಾಗಲೇ ಒಣಗಿ ಮುರಿಯುತ್ತಿತ್ತು. ಕಪ್ಪೆಗಳ ವಟವಟ ಕೂಡ ಕೆಳತೋಪಿನಲ್ಲಿ ನಿಂತುಹೋಗಿತ್ತು. ಮೇಲ್ತೋಪಿನ ಕತೆ ಬೇರೆ. ಮಳೆ ನಿಂತು ತಿಂಗಳುಗಟ್ಟಲೆಯಾದರೂ ಅಲ್ಲಿ ನೀರು ಇಳಿಯಲಿಲ್ಲ. ಪಾಚಿ ಕಟ್ಟಿ ನಾತ ಹೊಡೆಯಿತು. ಹೊಳೆಮತ್ತಿಗಳ ಎಲೆ ಸಣ್ಣದಾಗಿ, ಹಳದಿಗೆ ತಿರುಗಿ, ತುದಿ ಕೊಂಬೆಗಳು ಬೋಳಾದವು.

ಊರಿನಲ್ಲಿ ಬಾಯಿಗೊಂದು ಮಾತು. ಅಡಿಕೆಗೆ ಬರುವ ಕೊಳೆ ರೋಗವೇ ಮರಗಳಿಗೂ ತಗುಲಿದೆ ಎಂದು ಒಬ್ಬರು ಬುಡಕ್ಕೆಲ್ಲ ಮೈಲುತುತ್ತ ಸುಣ್ಣ ಬಳಿದರು. ಮರಗಳು ನೀಲಿ ಕಾಲುಚೀಲ ತೊಟ್ಟಂತೆ ಕಂಡವು, ಅಷ್ಟೇ. ಸುಂಕಲಮ್ಮನಿಗೆ ಇದು ನೀರಿನ ತೊಂದರೆ ಎಂದು ಖಾತ್ರಿಯಾಯಿತು. ಜಗಳೂರಿನವಳಿಗೆ ನೀರಿಲ್ಲದ ಕಷ್ಟ ಗೊತ್ತಿತ್ತು, ನೀರು ಹೆಚ್ಚಾದ ಕಷ್ಟ ಹೊಸದು. ಹೆಚ್ಚಾದದ್ದನ್ನು ಹೊರಗೆ ಹಾಕಿದರೆ ಮುಗಿಯಿತಲ್ಲ ಎಂದುಕೊಂಡಳು. ಮಹೇಶ್ವರಪ್ಪನವರ ಗದ್ದೆಯ ಕೆಳಭಾಗವೂ ನೀರು ನಿಂತು ಜವಳಾಗಿ ಅವರೂ ಅದನ್ನೇ ಹೇಳುತ್ತಿದ್ದರು. ಇಬ್ಬರೂ ಸೇರಿ ಪಂಚಾಯ್ತಿಯನ್ನು ಹುರಿದುಂಬಿಸಿ ಜೆಸಿಬಿ ತರಿಸಿದರು. ಮಹೇಶ್ವರಪ್ಪನವರ ತೋಟದ ಅಂಚಿನಿಂದ ಮೇಲ್ತೋಪಿನ ನಡುವೆ ಹಾದು ಮೋರಿಯವರೆಗೆ, ಮೋರಿಯಿಂದ ಹಳ್ಳದವರೆಗೆ, ಆಳವಾದ ಬಸಿಗಾಲುವೆ ತೋಡಿದರು. ನೀರು ಸೊರ್ರೆಂದು ಓಡಿತು. ತಿಂಗಳೊಳಗೆ ಮೇಲ್ತೋಪು ಬರಿಗಾಲಲ್ಲಿ ನಡೆಯುವಂತಾಯಿತು. ಸುಂಕಲಮ್ಮನಿಗೆ ಎರಡನೆಯ ಸಲ ಹಾರ ಬಿತ್ತು.

ಮುಂದಿನ ಬೇಸಿಗೆಯಲ್ಲಿ ಮೇಲ್ತೋಪಿನ ನೆಲ ಬಿರುಕು ಬಿಟ್ಟಿತು. ಹೇಗೋ ಜೀವ ಹಿಡಿದಿದ್ದ ಮರಗಳೂ ಈಗ ಎಲೆ ಉದುರಿಸತೊಡಗಿದವು.

ಮುಂಗಾರಿಗೆ ಮೊದಲಿನ ಒಂದು ಸಂಜೆ ಸುಂಕಲಮ್ಮ ಖಾಲಿ ಕ್ಯಾನುಗಳನ್ನು ಹೇರಿಕೊಂಡು ಬರುತ್ತಿದ್ದಳು. ಪಕ್ಕದಲ್ಲಿ ಬೋರಣ್ಣ. ಗಾಳಿ ಎದ್ದಿತ್ತಾದರೂ ಅಂಥಾ ಭಾರಿ ಗಾಳಿಯೇನಲ್ಲ. ಮೇಲ್ತೋಪಿನ ಅಂಚಿನ ಒಂದು ಹೊಳೆಮತ್ತಿ, ಇಬ್ಬರು ತಬ್ಬಿದರೂ ತೋಳಿಗೆ ಸಿಗದ ಮರ, ಮೆಲ್ಲನೆ ಬಾಗಿದ್ದು ಕಾಣಿಸಿತು. ಬಾಗಿದ್ದು ಮತ್ತೆ ಏಳಲಿಲ್ಲ. ಸುಂಕಲಮ್ಮ ಬ್ರೇಕು ತುಳಿದಳು. ಕ್ಯಾನುಗಳು ಒಂದರ ಮೇಲೊಂದು ಉರುಳಿದವು. ಮರ ಆಟೋದ ಮೂತಿಯ ಮುಂದೆಯೇ ರಸ್ತೆಗೆ ಅಡ್ಡಲಾಗಿ ಮಲಗಿತು. ಕೊಂಬೆಯೊಂದು ಗಾಜನ್ನು ಒಡೆದು ಬೋರಣ್ಣನ ತೊಡೆಯ ಮೇಲೆ ಎಲೆ ಉದುರಿಸಿತು.

ಬೋರಣ್ಣ ತೊಡೆ ಮೇಲಿನ ಎಲೆ ಕೊಡವಿದ. "ಇಳಿ, ಬುಡ ನೋಡಾನ," ಎಂದ.

ಬುಡ ನೋಡಿದರೆ ವಿಚಿತ್ರ. ಅಷ್ಟು ದೊಡ್ಡ ಮರ ಬೇರುಸಮೇತ ಎದ್ದಿತ್ತು, ಆದರೆ ಆಳಕ್ಕೆ ಹೋದ ಬೇರೇ ಇರಲಿಲ್ಲ. ಕೆಳಗಿನ ದಪ್ಪ ಬೇರುಗಳು ಕರ್ರಗೆ ಕೊಳೆತು, ಕೈಯಲ್ಲಿ ಹಿಡಿದರೆ ಉದುರುತ್ತಿದ್ದವು. ಕೆಟ್ಟ ಮೊಟ್ಟೆಯ ವಾಸನೆ. ಮೇಲ್ಮಣ್ಣಿನಲ್ಲಿ ಮಾತ್ರ ಸಣ್ಣ ಬೇರುಗಳು ಜಾಲರಿಯಂತೆ ಹಬ್ಬಿದ್ದವು, ಅವು ಒಣಗಿ ದಾರದ ಹಾಗಾಗಿದ್ದವು. ಒಂದೇ ಮರ ಕೆಳಗೆ ಕೊಳೆತು ಮೇಲೆ ಒಣಗಿದ್ದು ಹೇಗೆಂದು ಸುಂಕಲಮ್ಮನಿಗೆ ತಿಳಿಯಲಿಲ್ಲ. ಆ ರಾತ್ರಿ, ಮರ ಬಿದ್ದದ್ದಕ್ಕಿಂತ, ತಾನು ತಲೆಹಾಕಿದ ಎರಡು ಕೆಲಸಗಳ ಮಧ್ಯೆ ಅದು ಸಿಕ್ಕಿಬಿದ್ದಿತ್ತೇನೋ ಎಂಬ ಯೋಚನೆ ಅವಳನ್ನು ಕುಕ್ಕುತ್ತಿತ್ತು.

ಬೆಳಿಗ್ಗೆ ವಿನಯ್ ಕುಮಾರನಿಗೆ ಫೋನು ಮಾಡಿದಳು. ಅವನಾಗ ನ್ಯಾಮತಿಗೆ ವರ್ಗವಾಗಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ತನಗೆ ರಸ್ತೆ ಗೊತ್ತು, ಮರ ಗೊತ್ತಿಲ್ಲ ಎಂದು ಹೇಳಿ, ಹೊನ್ನಾಳಿಯ ಸಂಧ್ಯಾರಾಣಿ ಎಂಬುವಳ ನಂಬರು ಕೊಟ್ಟ. ಅವಳು ಅರಣ್ಯಶಾಸ್ತ್ರ ಓದಿ, ನೀರಿನಲ್ಲಿ ಬೆಳೆಯುವ ಮರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ವಾರದೊಳಗೆ ಸ್ಕೂಟರಿನಲ್ಲಿ ಬಂದಿಳಿದಳು. ಬಿದ್ದ ಮರದ ಬೇರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಎಳೆಯೆಳೆಯಾಗಿ ಬಿಡಿಸಿ ನೋಡಿದಳು. ಅಂಜಿನಮ್ಮನಿಗೆ ಅವಳ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ಮಣ್ಣಿನಲ್ಲಿ ಕೂರಲು ಹಿಂಜರಿಯದ ಓದಿದವಳು ಎಂದು.

"ಬೇರೂ ಉಸಿರಾಡಬೇಕು ಅಕ್ಕಾ," ಎಂದಳು ಸಂಧ್ಯಾರಾಣಿ. "ಈ ಜಾತಿ ಮರಕ್ಕೆ ನೀರು ಬಂದು ಹೋಗ್ತಾ ಇದ್ರೆ ಏನೂ ಆಗಲ್ಲ. ಬಂದ ನೀರು ವರ್ಷಪೂರ್ತಿ ಕದಲದಂಗೆ ನಿಂತ್ರೆ ಕೆಳಗಿನ ಬೇರು ಉಸಿರುಗಟ್ಟಿ ಸಾಯ್ತವೆ. ಆಗ ಮರ ಮೇಲ್ಮಣ್ಣಲ್ಲಿ ಹೊಸ ಬೇರು ಬಿಟ್ಕಂಡು ಬದುಕಾಕೆ ನೋಡುತ್ತೆ. ಇದೂ ಹಂಗೇ ಮಾಡೈತೆ."

"ಅಷ್ಟರಲ್ಲಿ ನಾವು ಕಾಲುವೆ ತೋಡಿಸಿದ್ವಿ," ಎಂದಳು ಸುಂಕಲಮ್ಮ.

"ಹ್ಞೂಂ. ನೀರು ಆ ಹೊಸ ಬೇರಿಗೆ ಎಟುಕದಷ್ಟು ಕೆಳಗೆ ಹೋಯ್ತು."

ಎಲ್ಲರೂ ಸುಂಕಲಮ್ಮ ಅಳುತ್ತಾಳೆ ಅಂದುಕೊಂಡರು. ಅವಳು ಎದ್ದು, ಮಾಡುವುದೇನು ಹೇಳಮ್ಮ ಎಂದು ಸೆರಗು ಸಿಕ್ಕಿಸಿದಳು.

ಸಂಧ್ಯಾರಾಣಿ ತೂತು ಕೊರೆದ ಪಿವಿಸಿ ಪೈಪುಗಳನ್ನು ರಸ್ತೆಯ ಎರಡೂ ಬದಿ ಮಣ್ಣಿನಲ್ಲಿ ಇಳಿಸಿದಳು. ಒಳಗೆ ಕೋಲು ಬಿಟ್ಟರೆ ನೆಲದಡಿಯ ನೀರು ಎಷ್ಟು ಕೆಳಗಿದೆ ಎಂದು ತಿಳಿಯುತ್ತಿತ್ತು. ಹಾಲು ಹಾಕಿ ಬರುವಾಗ ಕೋಲು ಇಳಿಸಿ ನೋಡಿ ಫೋನು ಮಾಡುವ ಕೆಲಸ ಬೋರಣ್ಣನದು. ಆ ಮಳೆಗಾಲದಲ್ಲಿ ಎಲ್ಲರ ಕಣ್ಣಿಗೂ ವಿಷಯ ಬಯಲಾಯಿತು. ಮೊದಲೆಲ್ಲ ತೋಪಿನ ಅಗಲಕ್ಕೂ ಹರಡಿ ಇಳಿಯುತ್ತಿದ್ದ ನೀರಿಗೆ ಏರಿ ಗೋಡೆಯಾಗಿತ್ತು. ಈಗ ಬಂದದ್ದೆಲ್ಲ ಕಾಲುವೆಗೆ ಬಿದ್ದು, ಒಂದೇ ಮೋರಿಯಲ್ಲಿ ನುಗ್ಗಿ, ಕೆಳತೋಪಿನ ಮರಗಳನ್ನು ಮುಟ್ಟದೆಯೇ ಹಳ್ಳಕ್ಕೆ ಓಡುತ್ತಿತ್ತು.

ಸಂಧ್ಯಾರಾಣಿ ಕಾಲುವೆಯನ್ನು ಪೂರಾ ಮುಚ್ಚಬೇಕೆಂದಳು. ಹಾಗೆ ಮುಚ್ಚಿದರೆ ಮೇಲಿನ ಗದ್ದೆಗಳು ಮುಳುಗಿ ಊರೇ ತಿರುಗಿ ಬೀಳುತ್ತದೆ ಎಂದು ಸುಂಕಲಮ್ಮ. ಎರಡು ಮೂರು ದಿನ ವಾದ ನಡೆಯಿತು. ಕೊನೆಗೆ, ಕಾಲುವೆಯನ್ನು ಮುಚ್ಚದೆ ಅಲ್ಲಲ್ಲಿ ಕಲ್ಲಿನ ತಡೆ ಕಟ್ಟಿ ನೀರನ್ನು ಮೇಲೆತ್ತುವುದು, ರಸ್ತೆಯನ್ನು ಹಲವು ಕಡೆ ಅಗೆದು ಪೈಪು ಕೂರಿಸಿ ನೀರು ಮತ್ತೆ ಅಗಲವಾಗಿ ಹರಿಯುವಂತೆ ಮಾಡುವುದು ಎಂದಾಯಿತು. ವಿನಯ್ ಕುಮಾರ್ ಒಂದು ಭಾನುವಾರ ಬಂದು ಪೈಪಿನ ಜಾಗಗಳನ್ನು ಗುರುತು ಮಾಡಿದ. ಇಲಾಖೆಯವರನ್ನು ಒಪ್ಪಿಸುವ ಭಾರ ತನ್ನದೆಂದ.

ಊರನ್ನು ಒಪ್ಪಿಸುವ ಭಾರ ಸುಂಕಲಮ್ಮನ ತಲೆಗೆ ಬಂತು. ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು ವಿಷಯ ಹೇಳುತ್ತಿದ್ದಂತೆ ನಗೆ ಎದ್ದಿತು. ರಸ್ತೆ ತಂದವಳೇ ಈಗ ರಸ್ತೆ ಅಗೆಯಿರಿ ಅನ್ನುತ್ತಾಳಲ್ಲ, ನಾಳೆ ಆಟೋ ಮಾರಿ ಎತ್ತಿನಗಾಡಿ ತರುತ್ತಾಳೋ ಏನೋ ಎಂದು ಯಾರೋ ಹಿಂದಿನಿಂದ ಕಿಚಾಯಿಸಿದರು.

"ರಸ್ತೆ ಬ್ಯಾಡ ಅಂತ ನಾನಂದಿಲ್ಲ," ಎಂದಳು ಸುಂಕಲಮ್ಮ. "ಬೇಕು ಅಂತ ಕುಣಿದವಳು ನಾನೇ. ನಾವು ದಾಟಾಕೆ ದಾರಿ ಮಾಡ್ಕಂಡ್ವಿ, ನೀರು ದಾಟಾಕೆ ಮಾಡ್ಲಿಲ್ಲ. ಅಷ್ಟೇ ಆಗಿರಾದು."

ಮಹೇಶ್ವರಪ್ಪ ಮಾತ್ರ ಕಾಲುವೆ ಮುಟ್ಟಕೂಡದು ಎಂದು ಟವೆಲ್ಲು ಕೊಡವಿ ಎದ್ದು ಹೋದರು. ಅವರ ಗದ್ದೆಯ ಜವಳು ಬಸಿದುಹೋಗಿ ಬೆಳೆ ಚೆನ್ನಾಗಿ ಬರುತ್ತಿತ್ತು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಸುಂಕಲಮ್ಮ ಜಗಳಕ್ಕೆ ಹೋಗಲಿಲ್ಲ. ಬೇಸಿಗೆ ಬರುವವರೆಗೆ ಕಾದು, ಒಂದು ಬೆಳಿಗ್ಗೆ ಅವರ ಅಡಿಕೆ ತೋಟಕ್ಕೆ ಹೋದಳು. ಕಾಲುವೆಯ ಅಂಚಿನ ಸಾಲುಗಳಲ್ಲಿ ಸೋಗೆ ಜೋತುಬಿದ್ದಿತ್ತು. ಮಹೇಶ್ವರಪ್ಪ ತೆರೆದ ಬಾವಿಯ ಕಟ್ಟೆಯ ಮೇಲೆ ಕೂತು ಒಳಗೆ ಇಣುಕುತ್ತಿದ್ದರು.

"ಮಹೇಶ್ವರಪ್ಪಾರೇ, ಬಾವಿ ನೀರು ಎಲ್ಲಿಗೋಯ್ತು?"

"ಎರಡ್ ವರ್ಸದ ಹಿಂದೆ ಈ ಕಾಲಕ್ಕೆ ಮೆಟ್ಲು ಮುಳುಗಿತ್ತು ಕಣಮ್ಮ. ಈಗ ದಿನಾ ಬೋರು ಓಡಿಸ್ತಾ ಇದೀನಿ."

ಅವಳು ಕಾಲುವೆಯ ಕಡೆ ನೋಡಿದಳು. ಅವರೂ ನೋಡಿದರು. ನಡುಬೇಸಿಗೆಯಲ್ಲೂ ಅದರ ತಳದಲ್ಲಿ ಒಂದು ಸಣ್ಣ ಎಳೆ ನೀರು ಫಳಫಳ ಹೊಳೆಯುತ್ತಾ ಹಳ್ಳದ ಕಡೆಗೆ ಹೋಗುತ್ತಿತ್ತು. ಮಹೇಶ್ವರಪ್ಪ ಬಹಳ ಹೊತ್ತು ಗಲ್ಲ ಕೆರೆದುಕೊಂಡರು.

"ತಡೆ ಎಷ್ಟೆತ್ರ ಕಟ್ತೀರಿ?"

"ನೀವೇ ಬಂದು ಹೇಳ್ರಿ. ಗದ್ದೆ ಮುಳುಗಬಾರದು, ಬಾವಿ ಬತ್ತಬಾರದು."

"ಮೊಣಕಾಲಿಗಿಂತ ಮೇಲೆ ಬ್ಯಾಡ," ಎಂದು ಅವರು ಎದ್ದರು. ತಡೆಗಳಿಗೆ ಕಲ್ಲು ಕೊಟ್ಟದ್ದೂ ಅವರೇ, ಕಟ್ಟುವಾಗ ನಿಂತು ತಕರಾರು ಮಾಡಿದ್ದೂ ಅವರೇ.

ರಸ್ತೆ ಅಗೆಯುವ ದಿನ ಸುಂಕಲಮ್ಮ ಅಲ್ಲಿಗೆ ಹೋಗುವುದಿಲ್ಲ ಎಂದು ಕೂತಿದ್ದಳು. ತಾನು ಹಾರ ಹಾಕಿಸಿಕೊಂಡು ಓಡಿಸಿದ ಟಾರು ಒಡೆಯುವುದನ್ನು ನೋಡುವುದು ಆಗದು ಎಂದಳು. ಜೆಸಿಬಿಯ ಸದ್ದು ಕೇಳಿದ ಮೇಲೆ ಮನಸ್ಸು ತಡೆಯದೆ ಓಡಿದಳು. ಕೆಲಸ ಮುಗಿಯುವವರೆಗೆ ಹಳೆಯ ಸುತ್ತುದಾರಿಯಲ್ಲೇ ಆಟೋ ಓಡಿಸಿದಳು, ಊರಿನವರ ಬೈಗುಳವನ್ನೂ ತಿಂದಳು. ಪೈಪು ಕೂರಿಸಿದ ಜಾಗಗಳಲ್ಲಿ ರಸ್ತೆ ತುಸು ಉಬ್ಬಿ ಗಾಡಿ ಕುಲುಕುತ್ತದೆ. ಬಸ್ಸಿನವರು ಅವಕ್ಕೆ ಸುಂಕಲಮ್ಮನ ಜಂಪು ಎಂದು ಹೆಸರಿಟ್ಟಿದ್ದಾರೆ. ಅವಳಿಗೆ ಅದು ಬೈಗುಳವೋ ಗೌರವವೋ ಇನ್ನೂ ಗೊತ್ತಾಗಿಲ್ಲ.

ಆ ವರ್ಷದ ಮೊದಲ ದೊಡ್ಡ ಮಳೆಗೆ ಊರೆಲ್ಲ ಕೊಡೆ ಹಿಡಿದು ರಸ್ತೆಗೆ ಬಂದಿತ್ತು. ಮೇಲ್ತೋಪಿನಲ್ಲಿ ನೀರು ಏರಿತು, ಪೈಪುಗಳ ಬಾಯಿಗೆ ಬಂತು. ಆಚೆ ಬದಿ ಒಂದೊಂದೇ ಪೈಪು ಕಸಕಡ್ಡಿ ಉಗುಳಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿನೀರು ಬಿಟ್ಟಿತು. ಕೆಳತೋಪಿನ ಒಣ ಮಣ್ಣು ನೀರು ಕುಡಿಯುವ ಸದ್ದು ಕೇಳುವಂತಿತ್ತು. ಸಂಧ್ಯಾರಾಣಿ ತನ್ನ ಅಳತೆಯ ಪೈಪಿನಿಂದ ಪೈಪಿಗೆ ಓಡಾಡುತ್ತಾ ಕೋಲು ಇಳಿಸಿ ನೋಡಿದಳು. ಎರಡೂ ಬದಿಯ ನೀರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತಿತ್ತು. ಬೋರಣ್ಣನ ಕೈ ಕುಲುಕಿದಳು. ಬೋರಣ್ಣ ನಾಚಿಕೊಂಡ.

ಎಲ್ಲವೂ ಮೊದಲಿನಂತಾಯಿತು ಎಂದೇನಿಲ್ಲ. ಮೇಲ್ತೋಪಿನಲ್ಲಿ ಸತ್ತ ಮರಗಳು ಸತ್ತೇ ಇವೆ. ಅವುಗಳ ಬೋಳು ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತವೆ. ಕೆಲವು ಹೊಳೆಮತ್ತಿಗಳ ಬುಡದಿಂದ ಚಿಗುರು ಎದ್ದಿದೆ. ಅದರಲ್ಲಿ ಎಷ್ಟು ಮರವಾದೀತು ಎಂದು ಕೇಳಿದರೆ ಸಂಧ್ಯಾರಾಣಿ, ಅದನ್ನು ಹೇಳಲು ಇನ್ನೂ ಬಹಳ ವರ್ಷ ಬೇಕು ಅನ್ನುತ್ತಾಳೆ. ಕೆಳತೋಪಿನಲ್ಲಿ ಮಾತ್ರ ನೇರಳೆ ಸಸಿಗಳು ದಟ್ಟವಾಗಿ ಎದ್ದಿವೆ. ಅಂಜಿನಮ್ಮನಿಗೆ ಮತ್ತೆ ಹಸಿ ಗರಿ ಸಿಗುತ್ತಿದೆ, ಗೊಣಗಲು ಈಗ ಬೇರೆ ವಿಷಯ ಹುಡುಕಿಕೊಂಡಿದ್ದಾಳೆ.

ಕಳೆದ ಬೇಸಿಗೆಯಲ್ಲಿ ನ್ಯಾಮತಿ ಕಡೆಯ ಒಂದು ಹಳ್ಳಿಯವರು ಸುಂಕಲಮ್ಮನನ್ನು ಹುಡುಕಿಕೊಂಡು ಬಂದರು. ಅವರಲ್ಲೂ ಹಳ್ಳದ ಬದಿಯ ಕಾಡಿನ ನಡುವೆ ರಸ್ತೆ ಮಂಜೂರಾಗಿತ್ತು, ವಿನಯ್ ಕುಮಾರನೇ ಇವಳ ಹೆಸರು ಹೇಳಿ ಕಳಿಸಿದ್ದ. ಅವಳು ಸಂಧ್ಯಾರಾಣಿಯನ್ನೂ ಕರೆದುಕೊಂಡು ಹೋದಳು. ಅಲ್ಲಿಯವರು ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, ಮೋರಿ ಎಲ್ಲಿಡಬೇಕು ಹೇಳಿರಿ ಎಂದರು. ನೆಲ ಬಣಬಣ ಒಣಗಿತ್ತು. ಸುಂಕಲಮ್ಮ ಸುತ್ತ ಒಮ್ಮೆ ನೋಡಿದಳು.

"ಈಗ ನೋಡಿ ಹೇಳಾಕೆ ಆಗಲ್ಲ. ಆಷಾಢದಾಗೆ ಬರ್ತೀವಿ. ಅಲ್ಲೀತಂಕ ಮಣ್ಣು ಸುರೀಬ್ಯಾಡ್ರಿ."

ಇಷ್ಟು ಹೇಳಲು ಇಲ್ಲಿಯತನಕ ಬರಬೇಕಿತ್ತೇ ಎಂದು ಕೆಲವರು ಮುಖ ಮುಖ ನೋಡಿಕೊಂಡರು. ಆದರೂ ಕಾದರು. ಆಷಾಢದ ಒಂದು ಬೆಳಿಗ್ಗೆ, ಜಡಿಮಳೆಯಲ್ಲಿ, ಕಾಡಿನೊಳಗೆ ನೀರು ಹರಿಯುತ್ತಿದೆ ಎಂದು ಅವರ ಫೋನು ಬಂತು. ಸುಂಕಲಮ್ಮ ಆಗ ಬಾಳೆಗೊನೆ ಹೇರುತ್ತಿದ್ದಳು. ಮಾತು ಮುಗಿಸಿ ಗೊನೆಗಳನ್ನು ಕೆಳಗಿಳಿಸಿದಳು. ಬೋರಣ್ಣ ಏನೂ ಕೇಳದೆ ಟಾರ್ಪಾಲು ಕಟ್ಟಿದ.